ಆರನೇ ಹುಡುಗಿ

ಅನಗವಾಡಿಯ ನಿವೃತ್ತ ದೈಹಿಕ ಶಿಕ್ಷಕರೊಬ್ಬರಿಗೂ, ಅವರ ಕೈಯಲ್ಲಿ ಹಗ್ಗದ ಮಲ್ಲಗಂಬ ಕಲಿತು ಈಗ ಪದವಿ ಕಾಲೇಜೊಂದರಲ್ಲಿ ಹುಡುಗಿಯರ ತಂಡ ಕಟ್ಟುತ್ತಿರುವ ಶಿಷ್ಯೆಗೂ ನಡೆದ ಮಾತುಕತೆ.

— ಸರ್ರ, ನೇರಾ ಕೇಳ್ತೀನಿ. ಮುಂದಿನ ಸೀಸನ್ನಿಗೆ ಹುಡುಗ್ಯಾರ ಮಲ್ಲಗಂಬದಾಗ, ಜಿಮ್ನಾಸ್ಟಿಕ್ಸ್‌ದಾಗ, ಯಾರೂ ಲೆಕ್ಕಕ್ಕ ಹಿಡೀದ ಯಾವ ಕಾಲೇಜು ಮ್ಯಾಲ ಬರ್ತೈತಿ?

— ಗೆಲ್ಲೋರು ಯಾರು ಅಂತ ಕೇಳ್ತೀ ಅಂದ್ಕೊಂಡಿದ್ದೆ.

— ಗೆಲ್ಲೋರ ಹೆಸರು ಹೇಳಾಕ ಏನು ಬೇಕ್ರಿ? ಹೋದ ವರ್ಷದ ಫಲಿತಾಂಶ ಕೈಯಾಗ ಹಿಡಕೊಂಡು ಯಾರ್ ಬೇಕಾದ್ರೂ ಹೇಳ್ತಾರ. ನನಗ ಬೇಕಾಗಿದ್ದು ಮೂಲಿಯಿಂದ ಎದ್ದು ಬರೋ ತಂಡ. ಮೊದಲ ಗೊತ್ತಾದ್ರ ಆ ಹುಡುಗ್ಯಾರಿಗೆ ಒಂದು ಚಲೋ ಮ್ಯಾಟ್ ಕೊಡಿಸಬಹುದು, ಪ್ರಯಾಣದ ಭತ್ತೆ ಕೇಳಬಹುದು, ಪ್ರಿನ್ಸಿಪಾಲರ ಮುಂದ ಕೂತು ವಾದಾ ಮಾಡಬಹುದು. ಗೆದ್ದ ಮ್ಯಾಲ ಹಾರ ಹಿಡ್ಕೊಂಡು ಎಲ್ಲಾರೂ ಬರ್ತಾರ. ಬೇಕಾಗಿರೋದು ಅದರ ಹಿಂದಿನ ವರ್ಷ.

— ಹಂಗಾದ್ರ ಕುಂತು ಮಾತಾಡೋ ಮಾತದು. ನೀ ಹ್ಯಾಂಗ ಲೆಕ್ಕಾ ಹಾಕ್ತೀ, ಮೊದಲ ಅದನ್ನ ಹೇಳು.

— ನಾ ಅಮೆರಿಕಾದ ಕಾಲೇಜು ಹುಡುಗ್ಯಾರ ಜಿಮ್ನಾಸ್ಟಿಕ್ಸ್ ಮೊಬೈಲ್‌ದಾಗ ಬಿಡದಂಗ ನೋಡ್ತೀನ್ರಿ. ಅಲ್ಲಿ ಒಂದು ತಂಡದಿಂದ ಒಂದೊಂದು ಉಪಕರಣದ ಮ್ಯಾಲ ಆರು ಹುಡುಗ್ಯಾರು ಆಡ್ತಾರ, ಐದು ಮಂದಿ ಅಂಕಾ ಲೆಕ್ಕಕ್ಕ ಬರ್ತಾವ, ಎಲ್ಲಾಕ್ಕಿಂತ ಕಡಿಮಿ ಬಂದಿದ್ದನ್ನ ಬಿಟ್ಟುಬಿಡ್ತಾರ. ವಾಲ್ಟ್, ಬಾರ್ಸ್, ಬೀಮ್, ಫ್ಲೋರ್, ಹಿಂಗ ನಾಕು ಉಪಕರಣ. ಒಬ್ಬಾಕಿಗೆ ಹೆಚ್ಚಂದ್ರ 10, ತಂಡಕ್ಕ ಹೆಚ್ಚಂದ್ರ 200. ರ‍್ಯಾಂಕಿಂಗ್ ಮಾಡೂವಾಗ ಸೀಸನ್ನಿನ ಚಲೋ ಆರು ಸ್ಕೋರ್ ಹಿಡೀತಾರ. ಅದರಾಗ ಮೂರಾದ್ರೂ ಹೊರಗಿನ ಊರಾಗ ಆಡಿದ್ದಿರಬೇಕು. ಆಮ್ಯಾಲ ಆ ಆರರಾಗ ಎಲ್ಲಾಕ್ಕಿಂತ ದೊಡ್ಡದನ್ನ ಕಿತ್ತು ಒಗದು, ಉಳಿದ ಐದರ ಸರಾಸರಿ ತಗೀತಾರ.

— ದೊಡ್ಡದನ್ನ ಯಾಕ ಒಗೀತಾರ?

— ಒಂದು ದಿನ ಎಲ್ಲಾ ಕೂಡಿ ಬಂದಿರ್ತೈತ್ರಿ. ಊರ ಮಂದಿ ಚಪ್ಪಾಳಿ, ಜಡ್ಜ್‌ಗಳ ಕೈ ಸಡಿಲು. ಆ ಒಂದು ದಿನದ ಮ್ಯಾಲ ತಂಡಾನ ಅಳೀಬಾರದು ಅಂತ.

— ಭಾಳ ಶ್ಯಾಣ್ಯಾತನದ ಲೆಕ್ಕ ಅದು. ನಮ್ಮ ಕಡೆ ಆ ಒಂದು ದೊಡ್ಡ ದಿನದ ಫೋಟೋನ ಕಟ್ಟು ಹಾಕಿಸಿ ಪ್ರಿನ್ಸಿಪಾಲರ ಕೋಣ್ಯಾಗ ತೂಗ್ತಾರ, ಮುಂದ ಐದು ವರ್ಷ ಅದನ್ನ ತೋರಿಸ್ತಾರ. ಇರ್ಲಿ. ಇಷ್ಟೆಲ್ಲಾ ಲೆಕ್ಕಾ ಮಾಡಿ ಅವರ ಭವಿಷ್ಯಾ ಖರೇ ಆಗ್ತೈತೇನು?

— ಅಲ್ಲೇ ಬಂತು ನೋಡ್ರಿ ನನ್ನ ಪ್ರಶ್ನೆ. 2024ರಾಗ ಓಕ್ಲಹೋಮಾ ತಂಡ ನಂಬರ್ ಒನ್ ಇತ್ತು. 2022, 2023 ಎರಡೂ ವರ್ಷ ಚಾಂಪಿಯನ್ ಬ್ಯಾರೆ. ಟೆಕ್ಸಸ್‌ನ ಫೋರ್ಟ್‌ವರ್ತ್‌ದಾಗ ಸೆಮಿಫೈನಲ್, ಮೊದಲ ಉಪಕರಣ ವಾಲ್ಟ್. ಒಬ್ಬಾಕಿ ಬಿದ್ರ ನಡೀತೈತಿ, ಆ ಅಂಕ ಬಿಟ್ಟು ಹೋಗ್ತೈತಿ. ಆದ್ರ ಒಬ್ಬಾಕಿಗಿಂತ ಹೆಚ್ಚು ಮಂದಿ ತಪ್ಪಿದ್ರು. ಒಂದು ಬೀಳಾಟಕ್ಕ ಅರ್ಧ ಅಂಕ ಹೋಗ್ತೈತ್ರಿ. ಫೈನಲ್ಲಿಗೇ ಬರಲಿಲ್ಲ. ಆ ವರ್ಷ ಲೂಯಿಸಿಯಾನಾ ಸ್ಟೇಟ್ ಮೊದಲ ಸಲ ಚಾಂಪಿಯನ್ ಆತು, 198.225. ಎರಡನೇ ಜಾಗಕ್ಕ ಬಂದಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ, 197.850. ಮರುವರ್ಷ 2025ರಾಗ ಅದೇ ಲೂಯಿಸಿಯಾನಾ ಸ್ಟೇಟ್ ನಂಬರ್ ಒನ್ ಆಗಿ ಬಂದು ಸೆಮಿಫೈನಲ್‌ದಾಗ ಹೊರಗ ಹೋತು. ಓಕ್ಲಹೋಮಾ ತಿರುಗಿ ಗೆದ್ದಿತು, ಮಿಸೌರಿ ಮೂರನೇದು ಬಂತು.

— ಅಂದ್ರ ಬಿದ್ದೋರನ್ನ ಮೊದಲ ಹೇಳಾಕ ಆಗಂಗಿಲ್ಲ ಅಂತೀ.

— ಬೀಳೋದು ಆ ದಿನದ ಮಾತ್ರಿ. ಅದನ್ನ ಯಾರು ಹೇಳ್ಯಾರು? ಆದ್ರ ಅವರು ಬಿದ್ದಾಗ ಖಾಲಿಯಾದ ಜಾಗಕ್ಕ ಯಾರು ಬಂದು ನಿಂತ್ರು ಅನ್ನೋದನ್ನ ಹೇಳಬಹುದಿತ್ತು ಅನಸ್ತೈತಿ ನನಗ. ಬರ್ಕ್ಲಿ ತಂಡದ ಸುದ್ದಿ ಕೇಳ್ರಿ. 2010ರ ಸೆಪ್ಟೆಂಬರಿನಾಗ ಆ ವಿಶ್ವವಿದ್ಯಾಲಯ ರೊಕ್ಕ ಇಲ್ಲ ಅಂತ ಹೇಳಿ ಕೆಲವೊಂದು ತಂಡ ಮುಚ್ಚತೀವಿ ಅಂದಿತ್ತು. ಅದರಾಗ ಹುಡುಗ್ಯಾರ ಜಿಮ್ನಾಸ್ಟಿಕ್ಸ್ ಇತ್ತು. ಹಳೇ ವಿದ್ಯಾರ್ಥಿಗಳು ದೇಣಗಿ ಕೂಡಿಸಿದ್ರು, 2011ರ ಫೆಬ್ರವರಿಗೆ ತಂಡ ಉಳೀತು. ಮುಂದ ಗಂಡ-ಹೆಂಡತಿ ಇಬ್ಬರು ಕೋಚ್‌ಗಳು ಬಂದು ಅಲ್ಲೇ ನೆಲಿ ನಿಂತ್ರು. ಮುಚ್ಚೂ ತಂಡ 2024ರಾಗ ದೇಶಕ್ಕ ಎರಡನೇದು. ಮಂದಿ ಅಚ್ಚರಿ ಅಂತಾರ. ಹತ್ತು ಹನ್ನೆರಡು ವರ್ಷ ಅದೇ ಇಬ್ಬರ ಕೈಯಾಗ ಒಂದೇ ಸಮನೆ ನಡದಿದ್ದು ಅಚ್ಚರಿ ಹ್ಯಾಂಗ ಆಗ್ತೈತ್ರಿ?

— ಆಗಂಗಿಲ್ಲ. ನೋಡದೇ ಇದ್ದೋರಿಗೆ ಅಷ್ಟ ಅಚ್ಚರಿ. ಆದ್ರ ಒಂದು ಮಾತು ಕೇಳತೀನಿ. ಮಿಸೌರಿ ಮೂರನೇದು ಬಂತು ಅಂದೆಲ್ಲಾ, ನಾಕನೇದಕ್ಕೂ ಅದಕ್ಕೂ ಎಷ್ಟು ಅಂತರ?

— 197.2500 ಮತ್ತ 197.2375. ಯೂಟಾ ನಾಕನೇದು.

— ಅಂದ್ರ 0.0125. ಒಬ್ಬಾಕಿ ಇಳಿದಾಗ ಹಿಮ್ಮಡಿ ಒಂದೀಟು ಸರದ್ರೂ ಇದಕ್ಕಿಂತ ಹೆಚ್ಚು ಹೋಗ್ತೈತಿ. ನಾ ಹೇಳೋದು ಇದನ್ನ. ಇಷ್ಟು ಸಣ್ಣ ಅಂತರದಾಗ ತಂಡ ಉಳಸಾಕಿ ಯಾರು? ಚಾಂಪಿಯನ್ ಹುಡುಗಿ ಅಲ್ಲ. ಅಕಿ ತನ್ನ 9.9 ತಂದೇ ತರ್ತಾಳ, ಅದು ಮೊದಲ ಗೊತ್ತಿದ್ದ ಮಾತು. ಐದನೇ ಅಂಕ ಯಾವುದು, ಆರನೇ ಹುಡುಗಿ ಯಾರು, ಅಲ್ಲಿ ತಂಡ ನಿಂತಿರ್ತೈತಿ. ಮ್ಯಾಲಿನ ಇಬ್ಬರನ್ನ ಮುಚ್ಚಿ ಕೆಳಗಿನ ಇಬ್ಬರನ್ನ ನೋಡು. ಆರನೇಯಾಕಿ ಐದನೇಯಾಕಿನ್ನ ಹೊರಗ ಹಾಕುವಂಗ ಬೆನ್ನ ಹತ್ತಿದ್ರ ಆ ತಂಡ ಮುಂದಿನ ವರ್ಷ ಎದ್ದು ಬರ್ತೈತಿ ಅಂತ ಬರದು ಇಡು.

— ಆದ್ರ ಒಬ್ಬಾಕಿ ಬಂದು ತಂಡಾನ ಎಬ್ಬಿಸಿದ್ದೂ ಐತ್ರಿ. ಅದೇ ಮಿಸೌರಿದಾಗ ಹೆಲೆನ್ ಹು ಅಂತ ಹುಡುಗಿ. ಆಟಾ ಬಿಟ್ಟು ಒಂದು ವರ್ಷ ಊರೂರು ತಿರುಗಾಕ ಹೋಗಿದ್ಲು. ಮರಳಿ ಬಂದ್ಲು, 2025ರಾಗ ಬೀಮ್ ಮ್ಯಾಲ ರಾಷ್ಟ್ರೀಯ ಚಾಂಪಿಯನ್ ಆದ್ಲು, 9.9875. ಬೀಮ್ ಅಂದ್ರ ಹತ್ತು ಸೆಂಟಿಮೀಟರ್ ಅಗಲದ ಪಟ್ಟಿ, ನೆಲದಿಂದ ಸವ್ವಾ ಮೀಟರ್ ಎತ್ತರ. ಒಂದು ವರ್ಷ ಬಿಟ್ಟಾಕಿ ಅದರ ಮ್ಯಾಲ ನಿಂತ್ಲು ಅಂದ್ರ ನೋಡ್ರಿ. ಮೋಹಿನಿ ಭಾರದ್ವಾಜ್ ಗೊತ್ತಲ್ರಿ, ತಂದಿ ನಮ್ಮ ದೇಶದವರು. ಲಾಸ್ ಏಂಜಲೀಸ್‌ದಾಗ ಕಾಲೇಜು ಆಟಾ ಮುಗಿಸಿ ಬಿಟ್ಟುಬಿಟ್ಟಿದ್ಲು. ತಿರುಗಿ ಬಂದು 2004ರ ಅಥೆನ್ಸ್ ಒಲಿಂಪಿಕ್ಸ್‌ದಾಗ ಅಮೆರಿಕಾ ತಂಡದ ನಾಯಕಿಯಾಗಿ ಬೆಳ್ಳಿ ತಗೊಂಡ್ಲು.

— ಬಂದ್ಲು ಅನ್ನೋದಕ್ಕಿಂತ ಬರಾಕ ಹಾದಿ ಇತ್ತು ಅನ್ನು. ಬಿಟ್ಟು ಹೋದಾಕಿಗೆ ಬಾಗಲಾ ತಗದು ಇಟ್ಟಿದ್ರು. ಇಲ್ಲಿ ಹ್ಯಾಂಗದ? ಹತ್ತನೇತ್ತಾತನಾ ಹಗ್ಗದ ಮ್ಯಾಲ ಮೀನಿನಂಗ ಆಡಿದ ಹುಡುಗಿ ಪಿಯುಸಿಗೆ ಹೋದ ಕೂಡ್ಲೇ ಕಾಣವಲ್ಲಳು. ಸೈನ್ಸ್ ತಗೊಂಡ್ರ ಟ್ಯೂಷನ್, ಆರ್ಟ್ಸ್ ತಗೊಂಡ್ರ ವರ ನೋಡೋದು. ಎರಡು ವರ್ಷ ಹಗ್ಗ ಮುಟ್ಟಂಗಿಲ್ಲ. ಡಿಗ್ರಿಗೆ ಬಂದಾಗ ನಿನ್ನಂಥಾಕಿ ಕರದ್ರ, ಮೈ ಭಾರ ಆಗೇತಿ ಮ್ಯಾಡಂ ಅಂತಾಳ. ನಮ್ಮ ಕಡೆ ಕಾಲೇಜು ತಂಡದ ಭವಿಷ್ಯ ಬರಿಯೋದು ಕಾಲೇಜಿನಾಗ ಅಲ್ಲವಾ. ಪಿಯುಸಿ ಎರಡು ವರ್ಷದಾಗ.

— ಅದನ್ನ ಅಂಕಿಯಾಗ ಯಾರೂ ಇಟ್ಟಿಲ್ರಿ. ಪಿಯು ಬೋರ್ಡಿನ ಆಟ ಒಂದು ಕಡೆ, ವಿಶ್ವವಿದ್ಯಾಲಯದ ಆಟ ಒಂದು ಕಡೆ. ನಡುವ ಯಾರು ಉಳದ್ರು, ಯಾರು ಹೋದ್ರು ಅನ್ನೋ ಪಟ್ಟಿ ಎಲ್ಲೂ ಇಲ್ಲ.

— ಇಲ್ಲ. ಅದಕ್ಕ ನಮ್ಮ ಕಡೆ ಅಚ್ಚರಿ ಜಾಸ್ತಿ. ಹುಡುಗ್ಯಾರು ಕಡಿಮಿ ಅಲ್ಲ, ಅವರನ್ನ ನೋಡಿದ ಕಣ್ಣು ಕಡಿಮಿ. ತುಳಸಿಗೇರಿ ಇಲ್ಲಿಂದ ಎಷ್ಟು ದೂರ? ಹೊಳಿ ದಾಟಿ ಗದ್ದನಕೇರಿ ಕ್ರಾಸಿಗೆ ಹೋಗಿ ಕಲಾದಗಿ ಹಾದಿ ಹಿಡದ್ರ ಆತು. ಹನುಮಪ್ಪನ ಜಾತ್ರಿಗೆ ಹೋಗೋ ಮಂದಿಗೆ ಆ ಊರು ಗೊತ್ತು. ಅಲ್ಲಿ ಹುಡುಗ ಹುಡುಗ್ಯಾರು ಮಲ್ಲಗಂಬ ಆಡಿ ದೊಡ್ಡ ದೊಡ್ಡ ಸ್ಪರ್ಧಾಕ್ಕ ಹೋಗ್ಯಾರ ಅನ್ನೋದು ಜಾತ್ರಿ ಮಂದ್ಯಾಗ ಎಷ್ಟು ಜನಕ್ಕ ಗೊತ್ತು? ಗದಗ ಜಿಲ್ಲಾದ ಲಕ್ಷ್ಮೇಶ್ವರನೂ ಹಂಗ. ಒಂದು ಊರಾಗ ಒಂದು ಕಂಬ ನಟ್ಟು, ಒಬ್ಬ ಮಾಸ್ತರ ಬಿಡದಂಗ ಇಪ್ಪತ್ತು ವರ್ಷ ನಿಂತ್ರ ಅಷ್ಟ ಸಾಕು. ಆ ಊರಿನ ಹೆಸರು ಪಟ್ಟಿ ಮ್ಯಾಲ ಬರ್ತೈತಿ.

— ಕಂಬ ಅಂದ್ರ ಗಂಡಸರ ಆಟ ಅಂತ ಈಗಲೂ ಅನ್ನೋರದಾರ್ರಿ.

— ಅವರಿಗೆ ಹಳೇ ಸುದ್ದಿ ಅರ್ಧಾ ಅಷ್ಟ ಗೊತ್ತು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಮಾನಸೋಲ್ಲಾಸ ಬರದಾಗ, ಜಟ್ಟಿಗಳು ಕಂಬದ ಮ್ಯಾಲ ಮಾಡೋ ಕಸರತ್ತಿನ ಮಾತು ಅದರಾಗ ಬಂತು. ನಮ್ಮ ನೆಲದ ಪುಸ್ತಕ ಅದು. ಮುಂದ ಪೇಶ್ವೆ ಎರಡನೇ ಬಾಜೀರಾಯನ ಕಾಲಕ್ಕ ಬಾಳಂಭಟ್ಟ ದಾದಾ ದೇವಧರ ಅನ್ನೋ ಗುರುಗಳು ಅದಕ್ಕ ಮತ್ತ ಜೀವಾ ತುಂಬಿದ್ರು. ಆವಾಗೆಲ್ಲಾ ಗರಡಿಮನಿ, ಹೆಣ್ಣಮಕ್ಕಳಿಗೆ ಒಳಗ ಕಾಲಿಡಾಕ ಬಿಡ್ತಿದ್ದಿಲ್ಲ. ಬೆತ್ತದ ಮ್ಯಾಲ ಮಾಡ್ತಿದ್ದ ಆಟ ನೂಲಿನ ಹಗ್ಗಕ್ಕ ಬಂತು ನೋಡು, ಅಲ್ಲಿಂದ ಹೆಣ್ಣಮಕ್ಕಳಿಗೆ ಹಾದಿ ಸರಳಾತು. ಹಗ್ಗಕ್ಕ ಗರಡಿಮನಿ ಬೇಕಿಲ್ಲ. ಸಾಲಿ ಪಡಸಾಲಿ ತೊಲಿಗೆ ಕಟ್ಟಿದ್ರ ನಡೀತೈತಿ, ಬೇವಿನ ಟೊಂಗಿಗೆ ಕಟ್ಟಿದ್ರೂ ನಡೀತೈತಿ. ಆಲಮಟ್ಟಿ ಹಿನ್ನೀರು ಬಂದು ಈ ಭಾಗದ ಊರುಗಳು ಪುನರ್ವಸತಿ ಕೇಂದ್ರಕ್ಕ ಎದ್ದು ಹೋದಾಗ ಮನಿಗೆ, ಹೊಲಕ್ಕ, ಗುಡಿಗೆ ಪರಿಹಾರದ ಮಾತಾತು. ಗರಡಿಮನಿ ಎಷ್ಟು ಕಡೆ ಮತ್ತ ಎದ್ದಾವ ಹೇಳು? ಹಗ್ಗಕ್ಕ ಮಾತ್ರ ಮುಳುಗಡೆ ಇಲ್ಲ, ಸುತ್ತಿ ಹೆಗಲಿಗೆ ಹಾಕ್ಕೊಂಡು ಬಂದ್ರಾತು.

— ನೀವು ನಮಗ ಕಲಿಸೂವಾಗ ಮೊದಲ ದಿನ ಹಗ್ಗ ಹತ್ತಾಕ ಬಿಟ್ಟಿದ್ದೇ ಇಲ್ಲ. ಕೆಳಗ ಕುಂತು ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವ ಹಗ್ಗ ಹಿಡೀಬೇಕು, ನೀವು ಬಂದು ಜಗ್ಗಬೇಕು. ಬಿಟ್ಟವರು ಮತ್ತ ಮೊದಲಿಂದ.

— ಆಟ ಇರೋದೇ ಅಲ್ಲಿ. ಗಂಟು ಹಾಕಂಗಿಲ್ಲ, ಕುಣಿಕಿ ಇಲ್ಲ. ಕಾಲಿನ ಎರಡು ಬೆರಳಿನ ಹಿಡಿತದ ಮ್ಯಾಲ ಇಡೀ ಮೈ ಮ್ಯಾಲ ಹೋಗಬೇಕು. ಆಮ್ಯಾಲ ತೊಡಿ ಸುತ್ತ ಒಂದು ಸುತ್ತು, ನಡಕ್ಕ ಒಂದು ಸುತ್ತು, ಕೈ ಬಿಟ್ಟು ಮೈ ಬಿಲ್ಲಾಗಬೇಕು. ಸುತ್ತು ಒಂದು ಬಟ್ಟು ಕೆಳಗ ಬಿದ್ರ ತೊಡಿ ಚರ್ಮ ಸುಲೀತೈತಿ. ಕಂಬದಾಗಾದ್ರ ಔಡಲ ಎಣ್ಣಿ ಹಚ್ಚಿರ್ತೀವಿ, ಜಾರ್ತೈತಿ ಅಂತ ಗೊತ್ತಿದ್ದೇ ಹತ್ತತಾರ. ಹಗ್ಗ ಹಂಗಲ್ಲ, ಸುಡತೈತಿ. ಸುಟ್ಟ ಮರುದಿನ ಯಾವ ಹುಡುಗಿ ಬರ್ತಾಳ ಅನ್ನೋದನ್ನ ನಾ ನೋಡ್ತಿದ್ದೆ. ಮೊದಲ ದಿನ ಚಂದ ಮಾಡಿದಾಕಿನ್ನ ನೋಡಿ ನಾ ಎಂದೂ ಹೆಸರು ಬರಕೊಂಡಿಲ್ಲ.

— ಮತ್ತ ಇಳಿಯೋದು?

— ಇಳಿಯೋದು ಅಂತೂ ನೋಡಬೇಕು. ಮ್ಯಾಲ ಇದ್ದಾಗ ಎಲ್ಲಾರ ಕಾಲೂ ನೆಟ್ಟಗ ಇರ್ತಾವ, ಬೆರಳು ಚೂಪ ಇರ್ತಾವ. ದಣಿದು ಇಳಿಯೂವಾಗ ಮೊಣಕಾಲು ಮಡಚತೈತೋ ಇಲ್ಲೋ ಅನ್ನೋದ್ರಾಗ ವರ್ಷದ ಅಭ್ಯಾಸ ಎಲ್ಲಾ ಹೊರಗ ಬೀಳ್ತೈತಿ. ತಂಡದ ಕಡೀ ಹುಡುಗಿ, ದಿನದ ಕಡೀ ಸರದಿ, ಅಕಿ ಇಳದಿದ್ದು ಹ್ಯಾಂಗ? ಅದೊಂದು ನೋಡಿದ್ರ ಮುಂದಿನ ವರ್ಷದ ಮಾತು ನಾ ಆಡ್ತೀನಿ.

— ನೀವು ಕಣ್ಣಿನ ಮ್ಯಾಲ ಹೇಳ್ತೀರಿ, ನಾ ಅಂಕಿ ಮ್ಯಾಲ ಹೇಳ್ತೀನಿ. ದೀಪಾ ಕರ್ಮಾಕರ್ 2016ರ ರಿಯೋದಾಗ ವಾಲ್ಟ್ ಫೈನಲ್ಲಿಗೆ ಬರ್ತಾಳ ಅಂತ ಯಾರ ಕಣ್ಣಿಗೆ ಕಂಡಿತ್ರಿ? ಅಗರ್ತಲಾದ ಹುಡುಗಿ, ಚಪ್ಪಟಿ ಪಾದ. ನಾಕನೇದು ಬಂದ್ಲು, ಕಂಚಿಗೆ 0.150 ಕಡಿಮಿ.

— ಅಕಿ ಗುರುಗಳು ಬಿಶ್ವೇಶ್ವರ ನಂದಿಗೆ ಕಂಡಿತ್ತಲ್ಲ. ಅಲ್ಲೂ ಅದೇ ಮಾತು. ಒಬ್ಬ ಗುರು, ಒಂದೇ ಊರು, ವರ್ಷಗಟ್ಟಲೇ. ಅಂಕಿ ಬ್ಯಾಡ ಅನ್ನಂಗಿಲ್ಲ ನಾ. ನಿನ್ನ ಅಂಕಿ ಪುಸ್ತಕ ಅಂತಾ ಹುಡುಗಿ ಹದಿನೆಂಟಾದ ಮ್ಯಾಲ ಶುರುವಾಗ್ತೈತಿ. ನೋಡೋದು ಹದಿನಾಲ್ಕಕ್ಕ ಶುರುವಾಗಬೇಕು.

— ಹಂಗಾದ್ರ ನಾ ಒಂದು ಲೆಕ್ಕಾ ಹೇಳ್ತೀನಿ, ತಪ್ಪಿದ್ರ ತಿದ್ರಿ. ಶಕ್ತಿ ಯೋಜನೆ 2023ರ ಜೂನ್ 11ಕ್ಕ ಶುರುವಾತು. ಹೆಣ್ಣಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆ ವರ್ಷ ಎಂಟನೇತ್ತಾ ಇದ್ದಾಕಿ 2028ಕ್ಕ ಪಿಯುಸಿ ಮುಗಿಸಿ ಡಿಗ್ರಿಗೆ ಬರ್ತಾಳ. ಮೊದಲ ಬಾಗಲಕೋಟಿಗೆ ಹೋಗಿ ಅಭ್ಯಾಸ ಮಾಡಿ ಬಾ ಅಂದ್ರ ಬಸ್ಸಿನ ರೊಕ್ಕಕ್ಕ ಮನ್ಯಾಗ ಜಗಳಾ. ಈಗ ಆ ಜಗಳಾ ಇಲ್ಲ. ಅದಕ್ಕ 2028ರಿಂದ ಮುಂದ ನಮ್ಮ ಜಿಲ್ಲಾದ ಸಣ್ಣ ಊರಿನ ಹುಡುಗ್ಯಾರು ಕಾಲೇಜು ತಂಡದಾಗ ಹೆಚ್ಚಾಗ್ತಾರ ಅಂತ ನನ್ನ ಅಂದಾಜು.

— ತಪ್ಪಿಲ್ಲ. ಭಾಳ ಚಲೋ ಹೇಳಿದಿ. ಅದಕ್ಕ ಇನ್ನೊಂದು ಕೂಡಿಸು. ಮೊದಲ ನಮ್ಮ ಕಾಲೇಜೆಲ್ಲಾ ಧಾರವಾಡದ ವಿಶ್ವವಿದ್ಯಾಲಯಕ್ಕ ಸೇರಿದ್ವು. 2010ಕ್ಕ ಬೆಳಗಾವಿದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆತು. ಬೆಳಗಾವಿ, ವಿಜಯಪುರ, ಬಾಗಲಕೋಟಿ ಮೂರೂ ಜಿಲ್ಲಾದ ಹುಡುಗ್ಯಾರು ಒಂದು ತಂಡಕ್ಕ ಹೊಡದಾಡೋರು. ಆಮ್ಯಾಲ ಬಾಗಲಕೋಟಿ ವಿಶ್ವವಿದ್ಯಾಲಯ ಅಂತ ಜಮಖಂಡಿಯಾಗ ಶುರುವಾತು. ಮೂರು ಜಿಲ್ಲಾದ ಪಟ್ಟಿಯಾಗ ಹನ್ನೆರಡನೇಯಾಕಿ ಆಗಿ ಮನ್ಯಾಗ ಕೂಡ್ರತಿದ್ದ ಹುಡುಗಿ ಈಗ ಅಖಿಲ ಭಾರತ ಸ್ಪರ್ಧಾಕ್ಕ ಹೋಗೋ ತಂಡದಾಗ ನಾಕನೇಯಾಕಿ ಆಗ್ತಾಳ. ಹೊಸಾ ತಂಡ ಅಂದ್ರ ಯಾರ ಪಟ್ಟಿಯಾಗೂ ಹಳೇ ಅಂಕ ಇಲ್ಲ. ಅಚ್ಚರಿ ಬರೋ ಜಾಗಾ ಅದು.

— ಆದ್ರ 2025ರಾಗ ಇಂಥಾ ಹೊಸಾ ವಿಶ್ವವಿದ್ಯಾಲಯಗಳನ್ನ ಮುಚ್ಚೂ ಮಾತು ಎದ್ದಿತ್ತಲ್ರಿ. ರೊಕ್ಕ ಇಲ್ಲ ಅಂತ.

— ಎದ್ದಿತ್ತು. ನೀ ಹೇಳಿದ ಬರ್ಕ್ಲಿ ಸುದ್ದಿ ಕೇಳೂವಾಗ ನನಗ ಅದೇ ನೆನಪಾತು. ಆಡಳಿತದವರು ರೊಕ್ಕ ಎಣಿಸೂವಾಗ ಆಟದ ಮೈದಾನ ಎಲ್ಲಾಕ್ಕಿಂತ ಮೊದಲ ಕಣ್ಣಿಗೆ ಬೀಳ್ತೈತಿ, ಅಲ್ಲಿನೂ ಇಲ್ಲಿನೂ. ತಂಡ ಉಳಿಯೋದು ಹಳೇ ಹುಡುಗ್ಯಾರು ಬೆನ್ನಿಗೆ ನಿಂತ್ರ. ನೀನೂ ಹಳೇ ಹುಡುಗಿ, ಮರೀಬ್ಯಾಡ.

— ಇನ್ನೊಂದು ತೊಡಕೈತ್ರಿ. ಮಹಿಳಾ ಕಾಲೇಜಿನ ಹುಡುಗ್ಯಾರು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕ ಆಡ್ತಾರ. ಒಂದೇ ಓಣಿಯಾಗ ಒಂದೇ ಹಗ್ಗದ ಮ್ಯಾಲ ಕಲತ ಅಕ್ಕತಂಗ್ಯಾರು, ಅಕ್ಕ ಮಹಿಳಾ ಕಾಲೇಜು, ತಂಗಿ ಕೋ-ಎಜುಕೇಷನ್. ಎದುರಾ ಎದುರು ನಿಲ್ತಾರ. ಕೂಡಿಸಿದ್ರ ಒಂದು ಗಟ್ಟಿ ತಂಡ, ಒಡದ್ರ ಎರಡು ಅರ್ಧ.

— ನೋಡಿದ್ಯಾ, ಇದು ಯಾವ ರ‍್ಯಾಂಕಿಂಗ್ ಪಟ್ಟಿಯಾಗೂ ಬರೋ ಮಾತಲ್ಲ. ಆದ್ರ ಮಹಿಳಾ ವಿಶ್ವವಿದ್ಯಾಲಯದ ಕಡೆ ಒಂದು ಬಲಾ ಐತಿ. ಮನಿಯವರು ಮಗಳನ್ನ ಅಲ್ಲಿಗೆ ಕಳಸಾಕ ಅಂಜಂಗಿಲ್ಲ. ಹಾಸ್ಟೆಲ್‌ದಾಗ ಇಟ್ಟು ಮುಂಜಾನೆ ಐದೂವರಿಗೆ ಅಭ್ಯಾಸಕ್ಕ ಎಬ್ಬಿಸಿದ್ರ ಯಾರೂ ಏನೂ ಅನ್ನಂಗಿಲ್ಲ. ವಿಜಯಪುರ, ಬಾಗಲಕೋಟಿ ಹುಡುಗ್ಯಾರು ಸೈಕ್ಲಿಂಗ್‌ದಾಗ ದೇಶಕ್ಕ ಹೆಸರಾದ್ರಲ್ಲ, ಅದಕ್ಕ ಉದ್ದನ ರೋಡಷ್ಟ ಕಾರಣ ಅಲ್ಲ. ಹಾಸ್ಟೆಲ್ ಇತ್ತು, ಹತ್ತು ಹನ್ನೆರಡು ವಯಸ್ಸಿಗೆ ಕರಕೊಂಡ್ರು, ಒಬ್ಬಾಕಿ ಹೋಗಿ ಬಂದಿದ್ದು ನೋಡಿ ಪಕ್ಕದ ಊರಾಕಿ ಹೋದ್ಲು. ಹಗ್ಗದ ಮ್ಯಾಲ ಆಡೋರಿಗೆ ಅಂಥಾ ವ್ಯವಸ್ಥಾ ಈ ಭಾಗದಾಗ ಬಂದ ವರ್ಷದಿಂದ ಆರು ವರ್ಷ ಎಣಿಸು. ಎಣಿಸಿ ನನಗ ಹೇಳು.

— 2022ರ ಏಪ್ರಿಲ್‌ದಾಗ ಬೆಂಗಳೂರಾಗ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಆತಲ್ರಿ, ಮಲ್ಲಗಂಬ, ಯೋಗಾಸನ ಎರಡೂ ಅದರಾಗ ಸೇರಿಸಿದ್ರು. ಅಂದಿನಿಂದ ಕಾಲೇಜಿನವರು ನಮ್ಮ ಫೈಲು ತಗದು ನೋಡಾಕ ಹತ್ಯಾರ. ಮೊದಲ ಮಲ್ಲಗಂಬ ಅಂದ್ರ ಉತ್ಸವದ ಮೆರವಣಿಗ್ಯಾಗ ತೋರಸೋದು ಅಂದ್ಕೊಂಡಿದ್ರು.

— ಹೂಂ. ಅದರಿಂದ ಆದ ಉಪಕಾರ ದೊಡ್ಡದು.

— ಹಂಗಾದ್ರ ಈಗ ಹೇಳ್ರಿ, ಯಾವ ತಂಡ?

— ಬಿಡಂಗಿಲ್ಲ ನೀ. ಕೇಳು. ಮುಂದಿನ ವರ್ಷ ಅಂದ್ರ ಯಾವ ಹೊಸಬರೂ ಅಲ್ಲ. ಅಭ್ಯಾಸಕ್ಕ ಹೊತ್ತು ಬೇಕು. ಮೂರನೇ ವರ್ಷಕ್ಕ, ಜಮಖಂಡಿ ವಿಶ್ವವಿದ್ಯಾಲಯ ಉಳದಿದ್ರ, ಅದರ ಹುಡುಗ್ಯಾರ ತಂಡ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬರೋ ಹುಡುಗ್ಯಾರು. ಒಬ್ಬಾಕಿನೂ ಇವತ್ತು ಪೇಪರಿನಾಗ ಇಲ್ಲ. ಅದರಾಗ ನಿನ್ನ ಕಾಲೇಜಿಂದು ಎಷ್ಟು ಮಂದಿ ಇರ್ತಾರ ಅನ್ನೋದು ನಿನ್ನ ಕೈಯಾಗೈತಿ.

— ನನ್ನ ಕಡೆ ಈಗ ಆರು ಮಂದಿ ಅದಾರ್ರಿ. ಇಬ್ಬರು ಭಾಳ ಚಲೋ. ಮೂವರು ನಡೀತೈತಿ. ಆರನೇಯಾಕಿ ವಾರದಾಗ ಎರಡು ದಿನ ಬರಂಗೇ ಇಲ್ಲ. ಅಕಿನ್ನ ಬಿಟ್ಟು ಬ್ಯಾರೇದಾಕಿನ್ನ ತಗೋಬೇಕು ಅಂತ ಮಾಡೀನಿ.

— ಯಾಕ ಬರಂಗಿಲ್ಲ ಅಂತ ಕೇಳಿದಿ?

— ಕೇಳೀನ್ರಿ. ರೋಡಿನಿಂದ ಒಳಗಿನ ಹಳ್ಳಿ. ವಸ್ತಿ ಬಸ್ಸು ತಪ್ಪಿದ್ರ ಮುಂದಿನದು ಒಂಬತ್ತಕ್ಕ ಅಂತಾಳ. ನಮ್ಮ ಅಭ್ಯಾಸ ಏಳಕ್ಕ ಮುಗೀತೈತಿ.

— ವಸ್ತಿ ಬಸ್ಸು ದಿನಾ ಬರ್ತೈತೇನು ಆ ಊರಿಗೆ?

— ಬರಂಗಿಲ್ಲ ಅಂತ್ರಿ. ವಾರದಾಗ ಎರಡು ದಿನ ಕೈ ಕೊಡತೈತಿ.

— ಅಂದ್ರ ಬಸ್ಸು ಬಂದ ದಿನ ಒಂದೂ ತಪ್ಪಿಸಿಲ್ಲ ಅಕಿ. ಇಂಥಾಕಿನ್ನ ಬಿಡ್ತೀಯೇನು? ನಾಳೆ ಕಾಲೇಜಿನ ಲೆಟರ್‌ಹೆಡ್ ಮ್ಯಾಲ ಡಿಪೋ ಮ್ಯಾನೇಜರಿಗೆ ಅರ್ಜಿ ಬರಿ, ವಸ್ತಿ ಬಸ್ಸು ತಪ್ಪದಂಗ ಬಿಡ್ರಿ ಅಂತ. ಪ್ರಿನ್ಸಿಪಾಲರ ಸಹಿ ಹಾಕಿಸು. ಊರ ಪಂಚಾಯ್ತಿದೂ ಒಂದು ಪತ್ರ ಇರ್ಲಿ. ಅದು ಆಗೋತನಾ ಅಕಿಗೆ ಒಂದು ಹಗ್ಗ ಕೊಟ್ಟು ಕಳಸು. ಅಕಿ ಊರ ಸಾಲಿ ಹೆಡ್‌ಮಾಸ್ತರ್ರಿಗೆ ಫೋನ್ ಮಾಡಿ, ಪಡಸಾಲಿ ತೊಲಿ ಗಟ್ಟಿ ಐತೋ ಇಲ್ಲೋ ಕೇಳು.

— ಹಗ್ಗ ನನ್ನ ಕಡೆ ಒಂದೇ ಹೆಚ್ಚಿಂದ್ರಿ, ಅದೂ ಹಳೇದು.

— ನನ್ನ ಕಡೆ ಇದ್ದಿದ್ದು ಒಯ್ಯಿ. ತೊಲಿಗೆ ಕಟ್ಟೂ ಮೊದಲ ಒಬ್ಬ ದೊಡ್ಡ ಆಳು ಜೋತು ಬಿದ್ದು ನೋಡ್ಲಿ, ಕೆಳಗ ಮ್ಯಾಟ್ ಇಲ್ಲದ ಹತ್ತಬಾರದು ಅಂತ ಅಕಿಗೆ ಬಾಯಿ ಬಿಟ್ಟು ಹೇಳು.